ಅಕ್ಕನಿಗೆ ಮಾಡಿದ ಬಾಣಂತನ

ನನಗೆ ಹೆದರಿಕೆಯಾದರೆ ಬಾಯಲ್ಲಿ ಬೈಗುಳ ಬರುತ್ತದೆ. ಕೋಲಾರದ ಆಸ್ಪತ್ರೆಯೊಂದರ ಸರ್ಜರಿ ವಾರ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸ್‌ಗಳಿಗೆಲ್ಲ ಇದು ಗೊತ್ತು. ಅಕ್ಕನನ್ನು ಅವಳ ಗಂಡನ ಊರಾದ ಬೈರಕೂರಿನಿಂದ ಅಲ್ಲಿಗೆ ಕರೆತಂದ ದಿನ, ಸ್ಟ್ರೆಚರ್ ತಳ್ಳುವವರಿಂದ ಹಿಡಿದು ಭಾವನವರೆಗೆ ಯಾರನ್ನೂ ನಾನು ಬಿಡಲಿಲ್ಲ.

ಟೈಫಾಯ್ಡ್ ಜ್ವರವನ್ನು ಮೈಮೇಲೆ ಇಟ್ಟುಕೊಂಡೇ ಅವಳು ಟೊಮೆಟೊ ಬಿಡಿಸಲು ಹೋಗುತ್ತಿದ್ದಳಂತೆ. ಕರುಳು ತೂತು ಬಿದ್ದು ಹೊಟ್ಟೆಯೊಳಗೆಲ್ಲ ಕೀವು. ಡಾಕ್ಟರು ಹೊಟ್ಟೆ ಕೊಯ್ದು ತೊಳೆದು, ಸಣ್ಣ ಕರುಳಿನ ತುದಿಯನ್ನು ಹೊಕ್ಕುಳ ಬಲಕ್ಕೆ ಹೊರಗೆ ತಂದು ಹೊಲಿದರು. ಕೆಲವು ತಿಂಗಳು ಕಳೆದ ಮೇಲೆ ಒಳಗೆ ಸೇರಿಸೋಣ, ಅಲ್ಲಿಯವರೆಗೆ ಮಲವೆಲ್ಲ ಹೊಟ್ಟೆಗೆ ಅಂಟಿಸಿದ ಚೀಲಕ್ಕೇ ಬರುತ್ತದೆ ಎಂದರು. ಅಂಥ ಚೀಲಗಳನ್ನು ಎಷ್ಟು ಜನರಿಗೆ ಬದಲಾಯಿಸಿದ್ದೇನೋ ಲೆಕ್ಕವಿಲ್ಲ. ಹೊರಗಿಟ್ಟ ಕರುಳು ತುಟಿಯ ಒಳಭಾಗದ ಹಾಗೆ ಕೆಂಪಗೆ ಒದ್ದೆಯಾಗಿದ್ದರೆ ನನಗೆ ನೆಮ್ಮದಿ, ರಕ್ತ ಸರಿಯಾಗಿ ಓಡುತ್ತಿದೆ ಎಂದರ್ಥ. ಅಕ್ಕನದೂ ಹಾಗೆಯೇ ಇತ್ತು. ಆದರೂ ಅವಳ ಚೀಲ ಬಿಚ್ಚಿದಾಗ ಮತ್ತೆ ಮತ್ತೆ ಟಾರ್ಚ್ ಬಿಟ್ಟು ನೋಡಿದೆ.

ಗಾಯ ಮಾಗಿದ ಮೇಲೆ ಅವಳನ್ನು ಸುಗಟೂರಿನ ನಮ್ಮ ಮನೆಗೆ ಕಳಿಸಿದರು. ಹೊರಡುವ ಮುಂಚೆ ಅಮ್ಮನನ್ನು ಕೂರಿಸಿಕೊಂಡು ಹೇಳಿದೆ: ದೊಡ್ಡ ಕರುಳು ಹೀರಿಕೊಳ್ಳಬೇಕಾದ ನೀರೆಲ್ಲ ಈಗ ಚೀಲಕ್ಕೆ ಸುರಿದುಹೋಗುತ್ತದೆ, ಅದಕ್ಕೆ ಓಆರ್‌ಎಸ್ ಪುಡಿ ಕಲಸಿದ ನೀರು, ಉಪ್ಪು ಹಾಕಿದ ಗಂಜಿ ಕೊಡುತ್ತಲೇ ಇರಬೇಕು. ಪುಡಿಯ ಪೊಟ್ಟಣಗಳನ್ನು ಅಕ್ಕನ ಕೈಗೇ ಕೊಟ್ಟೆ. ಅಮ್ಮ ಎಲ್ಲದಕ್ಕೂ ತಲೆಯಾಡಿಸಿದಳು, ಮಗಳ ಮಾತು ತಾನೇ ಎಂದು ಅಲ್ಲೇ ಬಿಟ್ಟಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ನಮ್ಮ ಬೀದಿಯ ಎಷ್ಟೋ ಹೆಂಗಸರಿಗೆ ಬಾಣಂತನ ಮಾಡಿದವಳು ಅಮ್ಮ. ಹೊಟ್ಟೆ ಕೊಯ್ಸಿಕೊಂಡು ಬಂದವಳು ಅವಳ ಲೆಕ್ಕದಲ್ಲಿ ಬಾಣಂತಿಯೇ. ಅಕ್ಕನ ತಲೆಗೆ ಬಟ್ಟೆ ಕಟ್ಟಿದಳು, ಕಿವಿಗೆ ಹತ್ತಿ ಇಟ್ಟಳು, ಬಿಸಿ ಅನ್ನಕ್ಕೆ ಮೆಣಸಿನ ಸಾರು ಹಾಕಿ ಕೊಟ್ಟಳು. ಹಸಿ ಮೈಗೆ ನೀರು ಆಗದು ಎಂದು ಕಾಯಿಸಿದ ನೀರು ಎರಡೇ ಗುಟುಕು. ನಾನು ದಿನಾ ಫೋನ್ ಮಾಡುತ್ತಿದ್ದೆ.

“ಚೆನ್ನಾಗವ್ಳೆ ಕಣಮ್ಮ. ಚೀಲದಾಗೆ ಈಗ ನೀರು ನೀರಾಗಿ ಬರ್ತಾ ಇಲ್ಲ,” ಎನ್ನುತ್ತಿದ್ದಳು ಅಮ್ಮ.

ಅಕ್ಕನನ್ನು ಕೇಳಿದರೆ, “ಕುಡೀತಿದೀನಿ ಕಣೇ,” ಎನ್ನುತ್ತಿದ್ದಳು.

ರಜೆ ಸಿಕ್ಕ ದಿನ ಬಸ್ಸು ಹತ್ತಿ ಊರಿಗೆ ಹೋದೆ. ಅಕ್ಕ ಕಂಬಳಿ ಹೊದ್ದು ಮಲಗಿದ್ದಳು. ಕಣ್ಣು ಗುಳಿ ಬಿದ್ದಿತ್ತು, ನಾಲಿಗೆ ಒಣಗಿ ಒರಟಾಗಿತ್ತು. ಅವಳ ಚರ್ಮ ಚಿವುಟಿ ಬಿಟ್ಟರೆ ಚಿವುಟಿದ ಹಾಗೇ ನಿಂತಿತು.

“ಉಚ್ಚೆ ಯಾವಾಗ ಹೋದೆ?”

ಅವಳು ತುಂಬ ಹೊತ್ತು ಯೋಚಿಸಿದಳು. “ನೆನ್ನೆ ಇರ್ಬೇಕು.”

ನೀರಿಲ್ಲದೆ ಕಿಡ್ನಿ ನಿಂತು, ಮಾತಾಡುತ್ತಿದ್ದವರು ಮಾತು ನಿಲ್ಲಿಸಿದ್ದನ್ನು ವಾರ್ಡಿನಲ್ಲಿ ನೋಡಿದ್ದೇನೆ. ಆಟೋದಲ್ಲಿ ಕೋಲಾರಕ್ಕೆ ಬರುವವರೆಗೂ ಅಮ್ಮನನ್ನು ಬೈದೆ. “ನನ್ನ ಕೈಯಾರೆ ಎಷ್ಟು ಬಾಣಂತಿಯರು ಎದ್ದವ್ರೆ,” ಎಂದು ಅಮ್ಮ ಒಂದೇ ಒಂದು ಸಲ ಹೇಳಿದಳು.

ಡ್ರಿಪ್ ಹಾಕಿದರು. ಮೂತ್ರಕ್ಕೆ ಟ್ಯೂಬ್ ಹಾಕಿದರು. ಮಂಚದ ಕೆಳಗೆ ಕಟ್ಟಿದ ಮೂತ್ರದ ಚೀಲ ಖಾಲಿ ನೇತಾಡುತ್ತಿತ್ತು. ಯಾವುದೋ ರೋಗಿಯದಾಗಿದ್ದರೆ ಇನ್ನೊಂದು ಕೆಲಸಕ್ಕೆ ಹೋಗುತ್ತಿದ್ದೆ. ಆವತ್ತು ನೆಲದ ಮೇಲೆ ಕುಳಿತು ಆ ಟ್ಯೂಬನ್ನೇ ನೋಡಿದೆ. ಅಕ್ಕ ಕಣ್ಣು ಮುಚ್ಚಿಕೊಂಡೇ “ನೀಳ್ಳು, ನೀಳ್ಳು” ಎಂದು ಅವಳ ಅತ್ತೆಮನೆಯ ತೆಲುಗಿನಲ್ಲಿ ನೀರು ಕೇಳುತ್ತಿದ್ದಳು. ಅಮ್ಮ ಕಾಲಿನ ಕಡೆ ನಿಂತಿದ್ದಳು. ನನ್ನ ಬಾಯಲ್ಲಿ ಬೈಗುಳವೂ ಬರಲಿಲ್ಲ, ಅಷ್ಟು ಹೆದರಿದ್ದೆ.

ಮಧ್ಯಾಹ್ನ ಕಳೆದ ಮೇಲೆ ಟ್ಯೂಬಿನಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ್ದು ಒಂದಿಷ್ಟು ಇಳಿಯಿತು. ಆಮೇಲೆ ಇನ್ನಷ್ಟು, ಸ್ವಲ್ಪ ತಿಳಿಯಾಗಿ. ಕಿಡ್ನಿ ಉಳಿಯಬಹುದು, ನೋಡೋಣ ಎಂದರು ಡಾಕ್ಟರು. ಸಂಜೆಗೆ ಅಕ್ಕ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು. ಆಗ ನನಗೆ ಬಾಯಿ ಬಂತು. ಅಮ್ಮನ ಕಡೆ ತಿರುಗಿದೆ.

“ಅಮ್ಮನ್ನ ಅನ್ಬೇಡ ಕಣೇ,” ಎಂದಳು ಅಕ್ಕ. “ಪೊಟ್ಟಣ ದಿಂಬಿನ ಕೆಳಗೇ ಇದ್ವು. ನಾನೇ ಒಡೀಲಿಲ್ಲ. ಕುಡಿದ್ರೆ ಚೀಲ ತುಂಬ್ತದೆ. ತುಂಬಿದ್ರೆ ಅಮ್ಮ ಕೂತು ಅದನ್ನ ಖಾಲಿ ಮಾಡ್ಬೇಕು. ಈ ವಯಸ್ನಾಗೆ ಅವಳ ಕೈಲಿ ಅದನ್ನ ಮಾಡಿಸ್ಲಾ?”

ಬಾಯಾರಿ ಸಾಯುವ ಸ್ಥಿತಿಗೆ ಬಂದವಳು, ದಿಂಬಿನ ಕೆಳಗೆ ಮದ್ದು ಇಟ್ಟುಕೊಂಡೇ ಮಲಗಿದ್ದಳು.

ಅಮ್ಮ ಪುಡಿ ಕಲಸಿದ ನೀರನ್ನು ಲೋಟಕ್ಕೆ ಬಗ್ಗಿಸಿದಳು. “ನೀನು ಕೂಸಾಗಿದ್ದಾಗ ನಿನ್ನ ಹೇಲು ತೊಳ್ದಿದ್ದು ಯಾರೆ? ಆವಾಗೇನು ನನ್ನ ಕೇಳಿ ಮಾಡ್ತಿದ್ಯಾ? ಕುಡಿ.”

ಅಕ್ಕ ನಕ್ಕಳು. ಅಮ್ಮ ಹಿಡಿದ ಲೋಟದಿಂದ ಗುಟುಕು ಗುಟುಕಾಗಿ ಕುಡಿದಳು ಕೂಡ. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲಿನ ಚೀಲ ಗುಳುಗುಳು ಎಂದಿತು. ಅವಳ ನಗು ನಿಂತು, ಕೈ ತಾನಾಗಿಯೇ ಚೀಲದ ಮೇಲೆ ಹೋಯಿತು. ಲೋಟದಲ್ಲಿ ಇನ್ನೂ ಅರ್ಧ ನೀರಿತ್ತು, ಸಾಕು ಎಂದು ಮುಖ ತಿರುಗಿಸಿದಳು. ಇವಳನ್ನು ಮತ್ತೆ ಮನೆಗೆ ಕಳಿಸಬೇಕಲ್ಲ ಎಂದುಕೊಂಡು ಅಮ್ಮನ ಕೈಯಿಂದ ಲೋಟ ತೆಗೆದುಕೊಂಡು ನಾನೇ ಅವಳ ತುಟಿಗೆ ಹಿಡಿದೆ.