ನಾಲ್ಕನೇ ನಂಬರಿನ ಬಾಟಲಿ

ಟೆಂಪಲ್ ಸ್ಟ್ರೀಟಿನ ನಮ್ಮ ವಠಾರದಲ್ಲಿ ಯುಲಾಲಿಯೋ ಅಗ್ಬಾಯಾನಿ ಒಂದು ಕಡೆ ಕೂತದ್ದನ್ನು ಯಾರೂ ಕಂಡಿಲ್ಲ. ಹಾಲಿವುಡ್ಡಿನ ಬಾರೊಂದರಲ್ಲಿ ಆರು ವರ್ಷದಿಂದ ರಮ್ ಬೆರೆಸುತ್ತಿದ್ದ. ಬಿದಿರಿನ ಗೋಡೆ, ಹಲ್ಲು ಕಿರಿದ ಮರದ ದೇವರುಗಳು, ಹೂವಿನ ಅಂಗಿ, ಎಲ್ಲ ದಕ್ಷಿಣ ಸಮುದ್ರದ ದ್ವೀಪದ ವೇಷ. ಯಾರಾದರೂ ಊರು ಕೇಳಿದರೆ "ತಾಹಿತಿ" ಅನ್ನಬೇಕೆಂದು ಯಜಮಾನ ಹಾರ್ಗ್ರೋವ್‌ನ ಅಪ್ಪಣೆ. ಕಡಲಾಚೆಯ ನಮ್ಮ ಸೀಮೆ ಇಲೋಕೋಸಿನ ಹೊಗೆಸೊಪ್ಪಿನ ಹೊಲದಲ್ಲಿ ಬೆಳೆದವನು ತಾಹಿತಿಯನ್ನು ಕಂಡದ್ದು ಬಾರಿನ ಗೋಡೆಗೆ ತೂಗುಹಾಕಿದ್ದ ಚಿತ್ರದಲ್ಲಿ ಮಾತ್ರ.

ಅದನ್ನು ಹೇಗೋ ಸಹಿಸಿಕೊಂಡಿದ್ದ. ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಬಾರಿನ ಹೆಸರಾಂತ ಪಾನೀಯ 'ಪಚ್ಚೆ ಹವಳ'ಕ್ಕೆ ಮೂರು ಬಗೆಯ ರಮ್, ನಿಂಬೆರಸ, ಕೊನೆಗೆ ನಾಲ್ಕನೇ ನಂಬರಿನ ಬಾಟಲಿಯಿಂದ ಒಂದು ಚಮಚ. ಗುಟ್ಟು ಬೇರೆ ಬಾರಿಗೆ ಹೋಗದಿರಲೆಂದು ಬಾಟಲಿಯ ಮೇಲೆ ಬರೀ ಅಂಕಿ. ಯುಲಾಲಿಯೋ ಬೆರಳದ್ದಿ ನೆಕ್ಕಿದ. ಚಕ್ಕೆ, ಸರಿ. ಮತ್ತೇನು? ಮನೆಯಲ್ಲಿ ಲವಂಗ ಕುದಿಸಿದ, ಜಾಯಿಕಾಯಿ ಕುದಿಸಿದ.

"ಅನ್ನ ಬೇಯ್ಸೋಕೆ ಒಂದು ಪಾತ್ರೆನಾದ್ರೂ ಬಿಡ್ತೀಯಾ, ಇಲ್ಲ ಅದನ್ನೂ ತಾಹಿತಿಗೆ ಕಳಿಸ್ತೀಯಾ?" ಎಂದಳು ಹೆಂಡತಿ ಪಾಸಿಂಗ್.

ಒಂದು ಬೆಳಿಗ್ಗೆ ಟ್ರಾಮಿನಲ್ಲಿ ಅದೇ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಕೂತ ಮುದುಕನ ಕೋಟಿನ ತೋಳಿನಿಂದ. ನೋಡಿದರೆ ನಮ್ಮ ಕಡೆಯವನೇ, ಕ್ರಿಸ್ಪುಲೋ ಎಂದು ಹೆಸರು.

"ಮನೋಂಗ್, ನೀವು ಹಿರಿಯರು, ಬೇಜಾರು ಮಾಡ್ಕೋಬೇಡಿ. ಎಲ್ಲಿ ಕೆಲಸ?"

"ಒಂದು ಶೆಡ್ಡಲ್ಲಿ ಪಾಕ ಕಾಯಿಸ್ತೀನಿ ತಮ್ಮಾ. ಚಕ್ಕೆ, ಸೋಂಪು, ಚಕೋತದ ಸಿಪ್ಪೆ. ಬಾಟ್ಲಿ ಮೇಲೆ ನಾಲ್ಕು ಅಂತ ಬರೀತೀನಿ. ಯಾತಕ್ಕೆ ಅಂತ ಆ ಹಾರ್ಗ್ರೋವ್ ಬಾಯೇ ಬಿಡಲ್ಲ."

"ಅಯ್ಯೋ, ಆರು ವರ್ಷದಿಂದ ಅದನ್ನ ಸುರೀತಿರೋನು ನಾನೇ!"

ಭಾನುವಾರ ಚರ್ಚು ಮುಗಿಸಿ ಇಬ್ಬರೂ ನಮ್ಮ ವಠಾರದ ಅಡಿಗೆಮನೆಯಲ್ಲಿ 'ಪಚ್ಚೆ ಹವಳ' ಬೆರೆಸಿದರು. ಮುದುಕ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಪಾಕ ಕಾಯಿಸಿ ಕಾಯಿಸಿ ನಾನು ಕೈ ಸುಟ್ಕೊಂಡಿದ್ದು ಇದಕ್ಕಾ? ನಮ್ಮೂರ ಕಬ್ಬಿನ ಹೆಂಡದ ಮುಂದೆ ಇದು ಕೆಮ್ಮಿನ ಔಷಧಿ ಕಣೋ!" ಹಾಗೆಂದವನು ಎರಡನೇ ಲೋಟವನ್ನೂ ಮುಗಿಸಿದ.

ಗುಟ್ಟು ತಿಳಿದ ಮೇಲೆ ಯುಲಾಲಿಯೋಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ವಾರದೊಳಗೆ ಕೆಲಸ ಬಿಟ್ಟು ಷಿಕಾಗೋದ ಹೊಸ ಬಾರಿಗೆ ಹೊರಟ. ಕರೆದರೆ ಕ್ರಿಸ್ಪುಲೋ, "ಅಲ್ಲಿಯ ಚಳಿಗೆ ಮೂಗೇ ಉದುರುತ್ತಂತೆ" ಎಂದು ಉಳಿದುಬಿಟ್ಟ. ಷಿಕಾಗೋ ಆಯಿತು, ಡೆಟ್ರಾಯಿಟ್ ಆಯಿತು, ಕೊನೆಗೆ ಹೊನೊಲುಲು. ಅಲ್ಲಿ ಪಾಸಿಂಗ್‌ಗೆ ಅನಾನಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. "ಇನ್ನು ನಾನು ಗಂಟುಮೂಟೆ ಕಟ್ಟಲ್ಲ. ಹೋಗೋದಾದ್ರೆ ನೀನೊಬ್ನೇ ಹೋಗು" ಎಂದಳಂತೆ.

ಅವನು ಹೋಗಲಿಲ್ಲ. ಆದರೆ ಹಡಗು ಬಂದ ದಿನ ಊಟವನ್ನೂ ಬಿಟ್ಟು ಬಂದರಿಗೆ ಹೋಗಿ ನಿಲ್ಲುತ್ತಾನೆ ಎಂದು ಅವಳು ವಠಾರಕ್ಕೆ ಬರೆದ ಕಾಗದದಲ್ಲಿತ್ತು.