ರಾಜೇಸಾಬ ದಬ್ಬಿದ ಜೀಪು

ಅರ್ಜುನನ ರಥಕ್ಕೆ ನಾಲ್ಕು ಬಿಳಿ ಕುದುರೆ, ಸೂರ್ಯನ ರಥಕ್ಕೆ ಏಳು. ಆಳಂದದ ಡ್ರೈವರ್ ರಾಜೇಸಾಬನ ರಥಕ್ಕೆ ಒಂದೇ ಕುದುರೆ, ಅದು ಸ್ವತಃ ರಾಜೇಸಾಬ. ಊರು ಇನ್ನೂ ಅರ್ಧ ಮೈಲಿ ಇದೆ ಎನ್ನುವಾಗ ಈ ಮಹಾಸಾರಥಿ ಸರಕಾರಿ ಜೀಪಿನ ಇಂಜಿನ್ ಬಂದ್ ಮಾಡಿ ಕೆಳಗಿಳಿಯುತ್ತಿದ್ದ. ಬಾಗಿಲ ಪಕ್ಕದ ಕಂಬಿಗೆ ಹೆಗಲು ಕೊಟ್ಟು, ಒಂದು ಕೈ ಸ್ಟೇರಿಂಗ್ ಮೇಲಿಟ್ಟು, ರಥವನ್ನು ದಬ್ಬುತ್ತ ಊರು ಹೊಗುತ್ತಿದ್ದ. ಹಿಂದೆ ಲಸಿಕೆಯ ಡಬ್ಬಿ ಹಿಡಿದ ನರ್ಸ್ ಲೀಲಾಬಾಯಿ ಸೀರೆಯ ನೆರಿಗೆ ಎತ್ತಿಕೊಂಡು, ಧೂಳು ನುಂಗುತ್ತ ನಡೆಯುತ್ತಿದ್ದರು.

“ಅಲ್ಲೋ ರಾಜೇಸಾಬ, ಜೀಪಿನ ಮ್ಯಾಲ ನಾವು ಕೂಡಬೇಕೋ, ನಮ್ಮ ಮ್ಯಾಲ ಜೀಪು ಕೂಡಬೇಕೋ?”

“ಇನ್ನೇನು ಬಂತ್ರಿ ಬಾಯಾರ. ಊರ ಅಗಸಿ ಬಾಗಲಾ ಕಾಣಾಕತ್ತದ.”

ಇಂಜಿನ್ ಸರಿಯಿತ್ತು. ಟಾಕಿಯಲ್ಲಿ ಪೆಟ್ರೋಲ್ ಇತ್ತು. ಹಾಗಿದ್ದೂ ದಬ್ಬುವವನ ಸುತ್ತ ಕಥೆ ಹುಟ್ಟದೆ ಇರುತ್ತದೆಯೇ? ಅವನು ಪೆಟ್ರೋಲ್ ಉಳಿಸಿ ಮಾರುತ್ತಾನೆ, ಅದರಲ್ಲೇ ಹವಳಗಾದ ಹತ್ತಿರ ಎರಡಂತಸ್ತಿನ ಮನೆ ಕಟ್ಟಿಸಿದ್ದಾನೆ ಎಂದು ಅಫಜಲಪುರದ ಕಡೆ ನಂಬಿದ್ದರು. ಅದೊಂದು ಹರಕೆ, ಸಾವಿರ ಊರು ದಬ್ಬಿದರೆ ತೀರುತ್ತದೆ ಎಂಬುದು ಜೇವರ್ಗಿಯ ಮತ. ಖಜೂರಿಯ ಲಾರಿ ಡ್ರೈವರುಗಳು ಇನ್ನೂ ಮುಂದೆ ಹೋಗಿ, ಜೀಪಿನೊಳಗೊಂದು ಜಿನ್ನು ಇದೆ, ಊರಿನ ಸೀಮೆ ಬಂದೊಡನೆ ಅದು ಇಂಜಿನ್ನಿನ ಕುತ್ತಿಗೆ ಹಿಸುಕುತ್ತದೆ ಎಂದು ಆಣೆ ಮಾಡಿ ಹೇಳುತ್ತಿದ್ದರು. ರಾಜೇಸಾಬ ಇದ್ದದ್ದು ಆಳಂದದಲ್ಲಿ, ತಗಡಿನ ಮಾಡಿನ ಬಾಡಿಗೆ ಕೋಣೆಯಲ್ಲಿ.

ಇನ್ನೊಂದು ಪವಾಡವೂ ಅವನಲ್ಲಿತ್ತು. ಡ್ರೈವರ್ ಆಗಿದ್ದೂ ಚಹಾ ಕುಡಿಯುತ್ತಿರಲಿಲ್ಲ. ಈ ಸೀಮೆಯಲ್ಲಿ ಊಟ ಬಿಟ್ಟವರಿಗೆ ಕೈ ಮುಗಿಯುತ್ತಾರೆ. ಚಹಾ ಬಿಟ್ಟವರನ್ನು ಕಂಡರೆ ಹೆದರುತ್ತಾರೆ.

ಸಂತನಾಗುವ ಮೊದಲು ನಮ್ಮ ನಾಯಕ ಬೇಟೆಗಾರನಾಗಿದ್ದ. ಎಪ್ಪತ್ತಾರನೆಯ ಇಸವಿ. ಗಂಡಸರನ್ನು ಹಿಡಿದು ತಂದು ಮಕ್ಕಳಾಗದ ಆಪರೇಷನ್ ಮಾಡಿಸುವ ಭರಾಟೆ ಎದ್ದಿತ್ತು. ರಾಜೇಸಾಬನಿಗೆ ಇಪ್ಪತ್ತೆಂಟು ವರ್ಷ, ನೌಕರಿ ಖಾಯಂ ಆಗಿರಲಿಲ್ಲ. ಅವನಿಗೆ ಕೊಟ್ಟ ಜೀಪಿನ ಸೈಲೆನ್ಸರ್ ಒಡೆದಿದ್ದರಿಂದ ಫಡ್ ಫಡ್ ಎಂಬ ಸಪ್ಪಳ ಮೈಲಿ ದೂರಕ್ಕೆ ಕೇಳುತ್ತಿತ್ತು. ಮೊದಲ ಸಲ ಆ ಸಪ್ಪಳ ಕೇಳಿದ ಊರುಗಳಲ್ಲಿ ಮಕ್ಕಳು ಕುಣಿಯುತ್ತ ಎದುರಿಗೆ ಬಂದವು. ಎರಡನೆಯ ಸಲ ಗಂಡಸರು ಕಟ್ಟೆಯಿಂದ ಎದ್ದು ನಿಂತರು. ಮೂರನೆಯ ಸಲ ಕಟ್ಟೆಯ ಮೇಲೆ ಒಂದು ನಾಯಿ ಮಾತ್ರ ಇತ್ತು, ಅದೂ ಹೊರಡುವ ವಿಚಾರದಲ್ಲಿತ್ತು. ಜೀಪು ಕಣ್ಣಿಗೆ ಬೀಳಬೇಕೆಂದಿರಲಿಲ್ಲ. ಫಡ್ ಎಂದರೆ ಸಾಕು, ಕಾಲು ತಾನಾಗಿ ಏಳುತ್ತಿತ್ತು. ಉಣ್ಣುತ್ತಿದ್ದವರು ತುತ್ತು ಹಿಡಿದೇ ಜೋಳದ ಹೊಲ ಸೇರಿದರು. ಅರ್ಧ ಗಡ್ಡ ಬೋಳಿಸಿಕೊಂಡು ಓಡಿದ ಒಬ್ಬ ಭೂಪ ಉಳಿದರ್ಧಕ್ಕೆ ಮೂರು ದಿನ ತಿರುಗಿ ಬರಲಿಲ್ಲ.

ಊರುಗಳು ಓಡುವುದನ್ನು ಕಲಿತಂತೆ ರಾಜೇಸಾಬ ಅಟ್ಟುವುದನ್ನು ಕಲಿತ. ಕಲಿಸಿದ್ದು ಒಂದು ಥರ್ಮಾಸು. ಜೀಪು ತುಂಬಿದ ದಿನ ಆಪರೇಷನ್ ಕ್ಯಾಂಪಿನ ಸಾಹೇಬರು ಶಾಬಾಸ್ ಎಂದು ಅದರ ಮುಚ್ಚಳಕ್ಕೆ ತಮ್ಮ ಕೈಯಾರೆ ಏಲಕ್ಕಿ ಚಹಾ ಬಗ್ಗಿಸಿ ಕೊಡುತ್ತಿದ್ದರು. ಜೀಪು ಖಾಲಿ ಬಂದ ದಿನ ಮುಚ್ಚಳ ತೆರೆಯುತ್ತಿರಲಿಲ್ಲ. ತಾಯಿ ಸತ್ತ ಮೇಲೆ ರಾಜೇಸಾಬನಿಗೆ ಯಾರೂ ಕೈಯಾರೆ ಏನನ್ನೂ ಬಗ್ಗಿಸಿ ಕೊಟ್ಟಿರಲಿಲ್ಲ. ಒಂದೆರಡು ತಿಂಗಳಲ್ಲಿ ಏನಾಯಿತೆಂದರೆ, ಚಹಾ ಬರುವ ತನಕ ಕಾಯುವುದೇ ಬೇಡವಾಯಿತು. ಹೊಲದಲ್ಲಿ ಓಡುವ ಬೆನ್ನು ಕಂಡರೆ ಸಾಕು, ಬಾಯಲ್ಲಿ ನೀರೂರಿ ನಾಲಿಗೆಯ ಮೇಲೆ ಏಲಕ್ಕಿ ಘಮ್ ಎನ್ನುತ್ತಿತ್ತು. ಕಾಲು ಆಕ್ಸಿಲರೇಟರಿನ ಮೇಲೆ ಬೀಳುತ್ತಿತ್ತು.

ಹಾಗೆ ಸಿಕ್ಕವರಲ್ಲಿ ಸರಸಂಬಾದಿಂದಾಚೆಯ ಒಂದು ಸಣ್ಣ ಊರಿನ ಗಂಗುಬಾಯಿಯ ಗಂಡನೂ ಒಬ್ಬ. ಐವತ್ತೈದು ದಾಟಿದವ. ಮನೆಗೆ ಮರಳಿದ, ಗಾಯ ಕೀವಾಯಿತು, ತಿಂಗಳೊಳಗೆ ಹೋದ. ಸುದ್ದಿ ಮುಟ್ಟಿದಾಗ ರಾಜೇಸಾಬನ ಕೈಯಲ್ಲಿ ಥರ್ಮಾಸಿನ ಮುಚ್ಚಳವಿತ್ತು. ಅವನು ಅದನ್ನು ಕೆಳಗಿಡಲಿಲ್ಲ, ಕುಡಿದು ಮುಗಿಸಿದ.

ಮರುವರ್ಷ ಸರಕಾರ ಬದಲಾಯಿತು. ಸಾಹೇಬರು ಥರ್ಮಾಸಿನ ಸಮೇತ ವರ್ಗವಾಗಿ ಹೋದರು. ಜೀಪು ಉಳಿಯಿತು, ರಾಜೇಸಾಬ ಉಳಿದ. ಈಗ ಅದೇ ಜೀಪಿನ ಕೆಲಸ ಮಕ್ಕಳಿಗೆ ಲಸಿಕೆ ಒಯ್ಯುವುದು, ಕಷ್ಟದ ಹೆರಿಗೆಯ ಹೆಂಗಸರನ್ನು ಆಸ್ಪತ್ರೆಗೆ ತರುವುದು. ಈ ಹುಕುಂ ಕಚೇರಿಗಳಿಗೆಲ್ಲ ಬಂತು. ಜನರ ಕಾಲುಗಳಿಗೆ ಯಾರೂ ತಿಳಿಸಲಿಲ್ಲ.

ಎಪ್ಪತ್ತೆಂಟರ ಕಾರ್ತಿಕದಲ್ಲಿ ಗಂಗುಬಾಯಿಯ ತಮ್ಮ ಪೀರಪ್ಪ ಸೈಕಲ್ ತುಳಿದುಕೊಂಡು ಆಳಂದಕ್ಕೆ ಬಂದ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕನ ಹಿರಿಮಗಳು ಗುರುಬಾಯಿ ನಿನ್ನೆಯಿಂದ ಒದ್ದಾಡುತ್ತಿದ್ದಾಳೆ, ಕೂಸು ಅಡ್ಡ ತಿರುಗಿದೆ, ಸೂಲಗಿತ್ತಿ ಕೈಬಿಟ್ಟಿದ್ದಾಳೆ, ಅಕ್ಕನೇ ಜೀಪು ತರಲು ಅಟ್ಟಿದ್ದಾಳೆ. ಲೀಲಾಬಾಯಿ ಚೀಲ ಎತ್ತಿಕೊಂಡರು. ಪೀರಪ್ಪ ಮುಂದೆ ಕುಳಿತ. ರಾಜೇಸಾಬ ಹೊಡೆದ ಹೊಡೆತಕ್ಕೆ ಗಾಳಿಯೂ ಹಿಂದೆ ಬಿತ್ತು.

ಊರು ಕಾಣುತ್ತಿದ್ದಂತೆ ಜನ ಓಡಿದರು. “ಓಡಬ್ಯಾಡ್ರೋ, ನಾನು ಪೀರಪ್ಪ!” ಎಂದು ಅವನು ಜೀಪಿನಲ್ಲಿ ಎದ್ದು ನಿಂತು ಎರಡೂ ಕೈ ಬೀಸಿದ. ದೂರದಿಂದ ನೋಡಿದವರಿಗೆ ಅದು ಬೇರೆಯೇ ಕಂಡಿತು.

“ಪೀರಪ್ಪನ್ನ ಹಿಡದಾರೋ! ಒದರಲಾಕತ್ತಾನ ನೋಡ್ರೋ!”

ಆಮೇಲೆ ಊರನ್ನು ಯಾರು ಹಿಡಿದಾರು? ಗಂಗುಬಾಯಿಯ ಮನೆಯಿಂದ ನಾಲ್ವರು ಗುರುಬಾಯಿಯನ್ನು ಮಲಗಿದ್ದ ಹೊರಸಿನ ಸಮೇತ ಎತ್ತಿಕೊಂಡು ತೊಗರಿ ಹೊಲಕ್ಕೆ ನುಗ್ಗಿದರು. ಆ ನಾಲ್ವರಲ್ಲಿ ಜೀಪು ಕರೆಸಿದ ಗಂಗುಬಾಯಿಯೂ ಒಬ್ಬಳು.

ತೊಗರಿ ಆಗ ಆಳೆತ್ತರ. ರಾಜೇಸಾಬ ಇಳಿದು ಕೂಗುತ್ತ ಬೆನ್ನು ಹತ್ತಿದ. ಅವನು ಕೂಗಿದಷ್ಟೂ ಗಿಡಗಳ ಅಲುಗಾಟ ದೂರ ಹೋಯಿತು. ಎಲ್ಲೋ ಒಂದು ಕಡೆ ಹೊತ್ತವರಲ್ಲಿ ಒಬ್ಬ ಎಡವಿದ, ಹೊರಸು ಕೆಳಗೆ ಬಿತ್ತು, ಎಲ್ಲರೂ ಚೆದುರಿದರು. ಹುಡುಕಲು ಎರಡು ತಾಸು ಹಿಡಿಯಿತು. ಕೊನೆಗೆ ಕಂಡದ್ದು ಲೀಲಾಬಾಯಿಯವರಿಗೆ. ಅವರು ಬಾಗಿ ಕೈ ಮುಟ್ಟಿ ನೋಡಿ, ಚೀಲದ ಬಾಯಿ ತೆರೆಯದೆ ಹಾಗೇ ಕುಳಿತರು. ಹೊರಸಿನ ಹಗ್ಗದ ತುಂಬ ತೊಗರಿಯ ಹಳದಿ ಹೂವು ಉದುರಿತ್ತು.

ಗಂಗುಬಾಯಿ ಸಂಜೆಯ ಹೊತ್ತಿಗೆ ತಾನಾಗಿ ಬಂದಳು. ಅಳಲಿಲ್ಲ. “ನಾನೇ ಕರಸಿದ್ನಲ್ಲೋ ತಮ್ಮಾ,” ಎಂದಳು ರಾಜೇಸಾಬನಿಗೆ. “ತಲಿಗಿ ಗೊತ್ತಿತ್ತು. ಕಾಲಿಗಿ ಗೊತ್ತಾಗಲಿಲ್ಲ.”

ರಾಜೇಸಾಬನಿಗೆ ತಿಳಿದದ್ದು ಇನ್ನೊಂದಿತ್ತು. ತೊಗರಿಯೊಳಗೆ ಓಡುವ ಬೆನ್ನುಗಳನ್ನು ಕಂಡ ಗಳಿಗೆಯಲ್ಲಿ, ಸಾಯುತ್ತಿರುವವಳನ್ನು ಉಳಿಸಲು ಬಂದ ಅವನ ಬಾಯಲ್ಲಿ ನೀರೂರಿತ್ತು. ಏಲಕ್ಕಿ ಘಮ್ ಎಂದಿತ್ತು. ಮನೆಗೆ ಹೋದಾಗ ಹೆಂಡತಿ ಶಮಶಾದ ಚಹಾದ ಲೋಟ ಮುಂದಿಟ್ಟಳು. ಅವನು ಅದನ್ನು ಮೋರಿಗೆ ಚೆಲ್ಲಿದ. ಅವಳು ತನ್ನ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದುಕೊಂಡು ಒಂದು ವಾರ ಎರಡೆರಡು ಚಮಚ ಹಾಕಿ ನೋಡಿದಳು.

ಸೈಲೆನ್ಸರ್ ರಿಪೇರಿ ಮಾಡಿಸಿ ನೋಡಿದ. ಫಲವಿಲ್ಲ. ಜನ ಅಷ್ಟರಲ್ಲಿ ಯಾವ ಜೀಪು ಗುರ್ ಎಂದರೂ ಓಡುವುದನ್ನು ಕಲಿತಿದ್ದರು. ದಬ್ಬುವ ಮಹಾಯಜ್ಞ ಶುರುವಾದದ್ದು ಆಗ. ಸಪ್ಪಳವಿಲ್ಲದ ಜೀಪು ಅಗಸಿಯಲ್ಲಿ ಬಂದು ನಿಂತರೆ ಜನ ದೂರದಿಂದ ನೋಡುತ್ತಿದ್ದರು. ದಬ್ಬಿ ಬೆವೆತವನನ್ನು ಕಂಡು ನಗುತ್ತಿದ್ದರು, ನಗುವವರು ಓಡಲಾರರು. ಹೋಗುವಾಗ ಮಾತ್ರ ಅವನು ಊರೊಳಗೇ ಇಂಜಿನ್ ಚಾಲೂ ಮಾಡುತ್ತಿದ್ದ. ದೂರ ಹೋಗುವ ಸಪ್ಪಳಕ್ಕೆ ಯಾರೂ ಅಂಜುವುದಿಲ್ಲ. ಮೂರು ವರ್ಷಕ್ಕೆ ಒಂದು ಊರು ಓಡುವುದನ್ನು ನಿಲ್ಲಿಸಿತು, ಐದನೆಯ ವರ್ಷಕ್ಕೆ ಹತ್ತು. ತಿಂಗಳಿಗೆ ಹತ್ತು ಮಾರು ಮುಂದೆ ಬಂದು ಇಂಜಿನ್ ಬಂದ್ ಮಾಡುವ ಲೆಕ್ಕದಲ್ಲಿ ಜೀಪು ಗುರ್‌ಗುಟ್ಟುತ್ತ ಊರಿಗೆ ಹತ್ತಿರವಾಯಿತು. ರಾಜೇಸಾಬನ ಸೊಂಟ ಮಾತ್ರ ಹೋಯಿತು. ಗಂಗುಬಾಯಿಯ ಊರು ಎಲ್ಲಕ್ಕಿಂತ ಹಿಂದೆ ಉಳಿಯಿತು. ಅಲ್ಲಿ ಅವನು ಇನ್ನೂ ಪೂರಾ ಅರ್ಧ ಮೈಲಿ ದಬ್ಬುತ್ತಿದ್ದ.

ಎಂಬತ್ತಾರರಲ್ಲಿ ಮತ್ತೆ ಪೀರಪ್ಪ ಬಂದ. ಅದೇ ಸೈಕಲ್. ಈ ಸಲ ಅಕ್ಕನ ಕಿರಿಮಗಳು ಸುಂದರಬಾಯಿಯ ಹೆರಿಗೆ.

ಹಿಂದಿನ ದಿನ ಅಕಾಲದ ಮಳೆ ಬಿದ್ದು ಎರೆಮಣ್ಣಿನ ದಾರಿ ಅಂಟಿನಂತಾಗಿತ್ತು. ಅರ್ಧ ಮೈಲಿ ಇರುವಾಗ ರಾಜೇಸಾಬ ಇಂಜಿನ್ ನಿಲ್ಲಿಸಿ ಇಳಿದ. ಚಾಲೂ ಇಟ್ಟರೆ ಐದು ನಿಮಿಷದ ದಾರಿ, ಆದರೆ ಹೊರಸು ಮತ್ತೆ ತೊಗರಿ ಸೇರಿದರೆ? ಹೆಗಲು ಕೊಟ್ಟ. ಪೀರಪ್ಪ ಹಿಂದಿನಿಂದ ಕೊಟ್ಟ. ಲೀಲಾಬಾಯಿಯೂ ಕೊಟ್ಟರು. ಗಾಲಿಗೆ ಮಣ್ಣು ಸುತ್ತಿಕೊಂಡಿತೇ ಹೊರತು ರಥ ಕದಲಲಿಲ್ಲ. ಆಗ ದಾರಿಯಲ್ಲಿ ಗಂಗುಬಾಯಿ ಬರಿಗಾಲಲ್ಲಿ, ಮೊಣಕಾಲ ತನಕ ಕೆಸರಾಗಿ, ಎದುರಿಗೆ ಬಂದಳು.

“ಏನ ಮಾಡಾಕತ್ತೀಯೋ?”

“ದಬ್ಬಾಕತ್ತೇನಿ ಯವ್ವಾ. ಸಪ್ಪಳಾದ್ರ ಮಂದಿ ಓಡ್ತಾರ.”

“ಮಂದಿ ಓಡಿ ಹಾಳಾಗಲಿ. ಹೊರಸು ಕಂಬಕ್ಕ ಕಟ್ಟಿ ಬಂದೀನಿ, ಯಾರೂ ಎತ್ತಿಕೊಂಡು ಹೋಗೂದು ಆಗೂದಿಲ್ಲ. ನನ್ನ ಕಾಲಿನ ಮ್ಯಾಲ ನನಗ ಭರೋಸಾ ಇಲ್ಲ, ಅದಕ್ಕ ನಾನೇ ಇಲ್ಲಿಗಿ ಬಂದೀನಿ. ಕೂಡಸಕೋ. ಚಾಲೂ ಮಾಡು.”

ಅವಳು ಮುಂದೆ ಹತ್ತಿ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಇಂಜಿನ್ ಗುರ್ ಎಂದಿತು. ಗಂಗುಬಾಯಿಯ ಕಾಲುಗಳು ಎದ್ದವು, ನೆಲ ಹುಡುಕಿದವು, ಸಿಗದೆ ತಗಡನ್ನು ಒದ್ದವು. ಅವಳು ಕಣ್ಣು ಮುಚ್ಚಿ ಕೈ ಬಿಗಿ ಮಾಡಿದಳು. ಮುಂದೆ ಊರು ಎಂದಿನಂತೆ ಓಡುತ್ತಿತ್ತು. ರಾಜೇಸಾಬನ ಬಾಯಲ್ಲಿಯೂ ಎಂದಿನಂತೆ ನೀರೂರಿತು. ಅವನು ಕಿಟಕಿಯಾಚೆ ಉಗುಳಿ ಗೇರ್ ಬದಲಿಸಿದ.

ಗಂಗುಬಾಯಿ ಹಾಕಿದ ಗಂಟು ಬಿಚ್ಚಲಾಗಲಿಲ್ಲ. ಲೀಲಾಬಾಯಿ ಬ್ಲೇಡಿನಿಂದ ಹಗ್ಗ ಕೊಯ್ದರು. ಹೊರಸು ಎತ್ತಲು ಊರಲ್ಲಿ ಒಬ್ಬನೂ ಇರಲಿಲ್ಲ. ಜೀಪಿನಲ್ಲಿ ಬಂದ ನಾಲ್ವರೇ ಎತ್ತಿದರು. ಸುಂದರಬಾಯಿ ಉಳಿದಳು. ಕೂಸು ಉಳಿಯಲಿಲ್ಲ. ಅರ್ಧ ತಾಸು ಮೊದಲು ಬಂದಿದ್ದರೆ ಎಂದು ಆಸ್ಪತ್ರೆಯಲ್ಲಿ ಅಂದರು. ಮಣ್ಣಿನಲ್ಲಿ ದಬ್ಬಿದ್ದು ಸರಿಯಾಗಿ ಅಷ್ಟೇ ಹೊತ್ತು.

ತೊಂಬತ್ತೊಂದರಲ್ಲಿ ಶಿಕ್ಷಕರ ತರಬೇತಿ ಶಾಲೆಯ ಜಯತೀರ್ಥ ಮಾಸ್ತರರಿಗೆ ಈ ಮಹಾಪುರುಷನ ಸುಳಿವು ಸಿಕ್ಕಿತು. ಅವರು ಕಲಿಕೆಯ ಮನಶ್ಶಾಸ್ತ್ರ ಹೇಳುವವರು. ರಾಜೇಸಾಬನಿಗೆ ಇಸ್ತ್ರಿ ಮಾಡಿದ ಖಾಕಿ ಹಾಕಿಸಿ, ಕೊರಳಿಗೆ ಹೂವಿನ ಹಾರ ಹಾಕಿ, ವಿದ್ಯಾರ್ಥಿಗಳ ಮುಂದೆ ಕುರ್ಚಿಯಲ್ಲಿ ಕೂಡಿಸಿದರು. ಗಂಟೆ ಬಾರಿಸಿ ಬಾರಿಸಿ ಮಾಂಸ ಹಾಕಿದರೆ ಕಡೆಗೆ ಬರೀ ಗಂಟೆಗೇ ನಾಯಿಯ ಬಾಯಲ್ಲಿ ನೀರೂರುವ ಕಥೆ ಹೇಳಿದರು. ಸನ್ನೆಕೋಲು ಒತ್ತಿದಾಗಲೆಲ್ಲ ಕಾಳು ಸಿಕ್ಕರೆ ಇಲಿ ಒತ್ತುತ್ತಲೇ ಇರುವ ಕಥೆ ಹೇಳಿದರು. ಗಂಟೆ ಬಾರಿಸುತ್ತ ಮಾಂಸ ಕೊಡದೆ ಹೋದರೆ ನಾಯಿ ಮೆಲ್ಲಗೆ ಮರೆಯುತ್ತದೆ ಎಂದೂ ಹೇಳಿದರು.

“ರಾಜೇಸಾಬರ, ಪುಸ್ತಕದಾಗ ಇದ್ದದ್ದನ್ನ ನೀವು ರಸ್ತಾದಾಗ ಮಾಡಿ ತೋರಿಸೀರಿ. ಜೀಪು ಅಂದ್ರ ಗಂಟಿ, ಮಂದಿ ಅಂದ್ರ ಆ ನಾಯಿ. ಇಡೀ ಸೀಮಿಗಿ ಅಂಜಿಕಿ ಮರಸಿದವರು ನೀವು!”

ಚಪ್ಪಾಳೆ ಬಿತ್ತು. ರಾಜೇಸಾಬ ಕೈ ಎತ್ತಿ, “ಆ ನಾಯಿ ಪೂರಾ ಮರೀತೇನ್ರಿ ಮಾಸ್ತರ?” ಎಂದು ಕೇಳಿದ.

“ಮರೀತದ್ರಿ. ಒಮ್ಮೊಮ್ಮೆ ತಿರುಗಿ ನೆನಪಾಗ್ತದ, ಅಷ್ಟ.”

ಅವನು ತಲೆಯಾಡಿಸಿದ. ಅಷ್ಟರಲ್ಲಿ ತಟ್ಟೆಯಲ್ಲಿ ಚಹಾ ಬಂತು. ಜಯತೀರ್ಥ ಮಾಸ್ತರರು ಮೊದಲ ಕಪ್ಪನ್ನು ತಮ್ಮ ಕೈಯಾರೆ ಎತ್ತಿ ಅತಿಥಿಗೆ ನೀಡಿದರು.

“ತಗೋರಿ. ನಿಮ್ಮ ಸಲುವಾಗಿ ಏಲಕ್ಕಿ ಹಾಕಿಸೀನಿ. ಚಹಾ ಬಿಟ್ಟೀರಂತಲ್ಲ, ಏನ್ ವ್ರತಾರಿ ಅದು? ಮಕ್ಕಳಿಗೂ ತಿಳೀಲಿ, ಹೇಳ್ರಿ.”

ಇಡೀ ಕೋಣೆ ಕಿವಿಯಾಯಿತು. ರಾಜೇಸಾಬ ಹೆಗಲ ಮೇಲಿನ ವಸ್ತ್ರದಿಂದ ತುಟಿಯ ಅಂಚು ಒರೆಸಿಕೊಂಡ.

“ವ್ರತ ಗಿತ ಏನಿಲ್ರಿ,” ಎಂದ. “ಬಾಯಾಗ ನೀರು ಬರ್ತಾವ. ಅದಕ್ಕ ಒಲ್ಲೆ.”