ನೆನೆದ ಕಂಬಳಿಯ ಮೈಲಾರಪ್ಪ

ಮೈಲಾರಪ್ಪ ಬೆಂಕಿಗೆ ನುಗ್ಗಿದನೆಂದರೆ ಹೊಗೆಗಿಂತ ಮೊದಲು ನಮ್ಮ ಮೂಗಿಗೆ ಬಡಿಯುತ್ತಿದ್ದುದು ನೆನೆದ ಕುರಿಯ ವಾಸನೆ. ಗಂಟೆ ಬಾರಿಸಿದ ಕೂಡಲೇ ನಾವೆಲ್ಲ ಪಂಪಿನ ಗಾಡಿಯ ಕಡೆ ಓಡಿದರೆ ಅವನು ಅಂಗಳದ ನೀರಿನ ತೊಟ್ಟಿಯ ಕಡೆ ಓಡುತ್ತಿದ್ದ. ತನ್ನ ಕರಿ ಕಂಬಳಿಯನ್ನು ಅದರಲ್ಲಿ ಅದ್ದಿ, ತಲೆಯ ಮೇಲಿಂದ ಹೊದ್ದು, ನೀರು ಸುರಿಸುತ್ತ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಗಾಡಿಯ ಡ್ರೈವರ್ ನಾನು. ನನ್ನ ಖಾಕಿ ಪ್ಯಾಂಟಿನ ಎಡಗಾಲು ಒಣಗಿದ್ದೇ ಇಲ್ಲವೆನ್ನಬಹುದು.

ಅದು ಎಪ್ಪತ್ತರ ದಶಕ. ಚಿತ್ರದುರ್ಗದ ಹೊರಗೆ, ಹಿರಿಯೂರಿನ ದಾರಿಯಲ್ಲಿದ್ದ ಹತ್ತಿ ಗಿರಣಿಯೊಂದರಲ್ಲಿ ನಾವು ಬೆಂಕಿ ಆರಿಸುವ ದಳದವರು. ಹತ್ತಿಯ ನಡುವೆ ಒಂದು ಬೆಣಚುಕಲ್ಲು ಯಂತ್ರಕ್ಕೆ ಸಿಕ್ಕಿ ಕಿಡಿ ಹಾರಿದರೆ ಸಾಕು, ಗೋದಾಮಿಗೆ ಗೋದಾಮೇ ಹೊತ್ತಿಕೊಳ್ಳುತ್ತಿತ್ತು. ಮೈಲಾರಪ್ಪ ದಳದ ಮುಖಂಡ, ಮದಕರಿಪುರದ ಕುರಿ ಕಾಯುವ ಮನೆಯವನು. ಉಣ್ಣೆ ಕಮರುತ್ತದೆಯೇ ಹೊರತು ಧಗಧಗ ಉರಿಯುವುದಿಲ್ಲ ಎಂಬುದು ಅವನ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಹೆಂಡತಿ ಗೌರಕ್ಕ ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದಳು. ಒಣಗಿದರೆ ಅದು ತಗಡಿನಂತೆ ಸೆಟೆದು ನಿಲ್ಲುತ್ತಿತ್ತು. ಗಂಡನೂ ಅದೇ ಗಂಜಿ ಕುಡಿದವನು. ಯಾರು ಏನು ಹೇಳಿದರೂ ಅವನ ಮೊದಲ ಮಾತು "ಯಾಕೆ?" ಮ್ಯಾನೇಜರು ನಮಸ್ಕಾರ ಎಂದರೂ ಯಾಕೆ ಎಂದಾನು ಎಂದು ನಾವು ನಗುತ್ತಿದ್ದೆವು.

ಒಮ್ಮೆ ಬೊಂಬಾಯಿಯಿಂದ ದೊಡ್ಡ ಪೆಟ್ಟಿಗೆ ಬಂತು. ಒಳಗೆ ಬಿಳಿ ಕೋಟುಗಳು. ಕಲ್ನಾರಿನವಂತೆ, ಅಂದರೆ ಕಲ್ಲಿನಿಂದ ತೆಗೆದ ನಾರು, ಇಂಗ್ಲಿಷಿನಲ್ಲಿ ಆಸ್ಬೆಸ್ಟಾಸ್, ಬೆಂಕಿ ಮುಟ್ಟುವುದೇ ಇಲ್ಲವಂತೆ. ಮ್ಯಾನೇಜರು ಕಡ್ಡಿ ಗೀರಿ ಒಂದರ ತೋಳಿಗೆ ಹಿಡಿದರು. ನಿಜಕ್ಕೂ ಏನೂ ಆಗಲಿಲ್ಲ. ನಾವು ಮದುಮಕ್ಕಳ ಹಾಗೆ ತೊಟ್ಟುಕೊಂಡು ಅಂಗಳದಲ್ಲಿ ಓಡಾಡಿದೆವು.

ಕೋಟಿಗೆ ಮಸಿ ಹಿಡಿದರೆ ಶುಚಿ ಮಾಡುವುದು ಹೇಗೆಂದು ಯಾರೂ ಹೇಳಿರಲಿಲ್ಲ. ನಮಗೆ ಗೊತ್ತಿದ್ದುದು ಕಂಬಳಿ ಕೊಡವುವುದು. ಇಬ್ಬಿಬ್ಬರು ಎರಡು ಕಡೆ ಹಿಡಿದು ಗಾಳಿಗೆ ಪಟಪಟನೆ ಕೊಡವಿದೆವು. ಅಂಗಳ ಹಿಟ್ಟಿನ ಗಿರಣಿಯಾಯಿತು. ಟೀ ಲೋಟದಲ್ಲೂ ಬಿಳಿ ಧೂಳು. ಕುತ್ತಿಗೆಯೆಲ್ಲ ತುರಿಕೆ, ಗಂಟಲಲ್ಲಿ ಕೆರೆತ. ವಾರಕ್ಕೊಮ್ಮೆ ಹೀಗೆ ಕೊಡವಿದ್ದೇ ಕೊಡವಿದ್ದು.

ಬಾಗೂರಿನ ಹಾಲೇಶಿ ಮೈಲಾರಪ್ಪನ ಜೀವದ ಗೆಳೆಯ, ಚಳಿ ಎಂದರೆ ಮುದುರಿಕೊಳ್ಳುವ ಆಸಾಮಿ. ರಾತ್ರಿ ಪಾಳಿಯಲ್ಲಿ ಆ ದಪ್ಪ ಕೋಟನ್ನೇ ಹೊದ್ದು, ಕಾಲರನ್ನು ಮೂಗಿನವರೆಗೆ ಎಳೆದುಕೊಂಡು ಮಲಗತೊಡಗಿದ. ಆ ಚಳಿಗಾಲ ಕಳೆಯುವುದರೊಳಗೆ ಕೆಮ್ಮು ಹಿಡಿಯಿತು. ಡಾಕ್ಟರು ಬೀಡಿ ಬಿಡು ಎಂದರು. ಅವನು ಬೀಡಿ ಮುಟ್ಟಿದವನೇ ಅಲ್ಲ.

"ಲೇ ಹಾಲೇಶಿ, ಧೂಳು ಮೇವು ತಿಂದ ಕುರಿ ಹಿಂಗೇ ಕೆಮ್ತತೆ. ಆ ಕೋಟು ಬಿಡಲೇ," ಎಂದ ಮೈಲಾರಪ್ಪ.

"ನಿನ್ನ ಕಂಬಳಿ ನಾತಕ್ಕಿಂತ ಇದೇ ವಾಸಿ, ಹೋಗಪ್ಪ," ಎಂದ ಹಾಲೇಶಿ.

ಮರುದಿನ ಸಂಜೆ ಹಾಲೇಶಿಯ ಕೋಟು ನೀರಿನ ತೊಟ್ಟಿಯಲ್ಲಿ ತೇಲುತ್ತಿತ್ತು. ಅದರ ಮರುದಿನವೂ. "ಒದ್ದೆ ಇದ್ರೆ ಧೂಳೂ ಏಳಲ್ಲ, ನೀನು ಹೊದಿಯಾಕೂ ಆಗಲ್ಲ," ಎಂದು ಮೈಲಾರಪ್ಪ ಮುಚ್ಚುಮರೆಯಿಲ್ಲದೆ ಹೇಳಿದ. ಹಾಲೇಶಿ ಅವನ ವಂಶವನ್ನೆಲ್ಲ ಬೈದ. ಗಿರಣಿಯ ಸಾಮಾನು ಹಾಳು ಮಾಡಿದರೆ ಮನೆಗೆ ಕಳಿಸುತ್ತೇನೆಂದು ಮ್ಯಾನೇಜರು ಗದರಿದರು. ಮೈಲಾರಪ್ಪ ತಾನು ತೊಡುವುದನ್ನೂ ನಿಲ್ಲಿಸಿ ಕಂಬಳಿಗೆ ಮರಳಿದ.

ಕಂಬಳಿಯೇನು ದೇವರ ಕವಚವಲ್ಲ. ಒಂದು ಬೆಂಕಿಯಲ್ಲಿ ಅದರ ನೀರೇ ಕಾದು ಹಬೆಯಾಗಿ ಅವನ ಹೆಗಲಿನ ಚರ್ಮ ಎದ್ದುಬಂತು. "ಕೋಟು ಹಾಕಿದ್ರೆ ಹೀಗಾಗ್ತಿತ್ತೇನಯ್ಯಾ?" ಎಂದು ಮ್ಯಾನೇಜರು ಹಂಗಿಸಿದರು. ನೋವಿಗೆ ಹಲ್ಲು ಕಚ್ಚಿದ್ದ ಮೈಲಾರಪ್ಪ ಹೇಳಿದ: "ಸುಟ್ಟ ಗಾಯ ಕಣ್ಣಿಗೆ ಕಾಣ್ತತೆ ಸಾರ್, ಔಷಧಿ ಹಚ್ಚಬೌದು. ಎದಿಯೊಳಗೆ ಹೋಗಿ ಕುಂತಿದ್ದಕ್ಕೆ ಎಲ್ಲಿ ಹಚ್ಚಾಣ?"

ಆಮೇಲೆ ವಿಮೆ ಕಂಪನಿಯ ಸಾಹೇಬರು ತಪಾಸಣೆಗೆ ಬಂದರು. ಬಿಳಿ ಕೋಟು ತೊಟ್ಟು ಸಾಲಾಗಿ ನಿಲ್ಲಬೇಕೆಂದು ಮ್ಯಾನೇಜರ ಹುಕುಂ. ಸಾಲಿನ ತುದಿಯಲ್ಲಿ ಕರಿ ಕಂಬಳಿ ಹೊದ್ದು ಒಬ್ಬ ನಿಂತಿದ್ದ. ಕೋಟು ಹಾಕಿಕೋ ಎಂದರೆ ಅದೇ "ಯಾಕೆ?" ಆಮೇಲೆ ಕೋಟನ್ನು ಸಾಹೇಬರ ಮುಂದೆ ಹಿಡಿದು, "ಸಾರ್, ಆ ಕಡೆ ತುದಿ ಹಿಡ್ಕಳ್ರಿ, ಒಂದ್ಸಲ ಕೊಡವಾಣ," ಎಂದ. ಸಾಹೇಬರು ಹಿಡಿಯಲಿಲ್ಲ. ಅವನೊಬ್ಬನೇ ಕೊಡವಿದ. ಸಾಹೇಬರು ಕರವಸ್ತ್ರ ಮೂಗಿಗೊತ್ತಿ ಹಿಂದೆ ಸರಿದರು. "ನಿಮಗೆ ಮೂಗು ಐತೆ, ನಮಗಿಲ್ಲೇನ್ರಿ?" ಎಂದ ಮೈಲಾರಪ್ಪ. ಅಂದು ನನಗೆ ಅವನ ಮೇಲೆ ಬಂದಷ್ಟು ಅಭಿಮಾನ ನನ್ನ ಹೆತ್ತಪ್ಪನ ಮೇಲೂ ಬಂದಿರಲಿಲ್ಲ. ಆ ಸಂಜೆಯೇ ಅವನನ್ನು ಕೆಲಸದಿಂದ ತೆಗೆದರು. ಕೋಟುಗಳು ಮಾತ್ರ ಉಳಿದವು.

ಕೆಲವು ವರ್ಷಗಳ ನಂತರ ನಾನೂ ಹಾಲೇಶಿಯೂ ಮದಕರಿಪುರಕ್ಕೆ ಹೋದೆವು. ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಹಾಲೇಶಿ ಸುಧಾರಿಸಿಕೊಳ್ಳಲು ಮತ್ತೆ ಮತ್ತೆ ನಿಂತ. ಮೈಲಾರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಬರ್ರಿ, ಕುಂತ್ಕಳ್ರಿ," ಎಂದವನು ಕಂಬಳಿ ಎತ್ತಿಕೊಂಡು, ಹಾಲೇಶಿಯ ಎದುರು ಕೊಡವದೆ, ಹಿತ್ತಿಲಿಗೆ ಹೋಗಿ ಕೊಡವಿ ತಂದು ಹಾಸಿದ.

"ಗೆದ್ದೆ ಬಿಡಪ್ಪ ಮೈಲಾರಿ," ಎಂದ ಹಾಲೇಶಿ, ಉಸಿರು ಸಿಕ್ಕ ಮೇಲೆ.

"ಎಲ್ಲಿ ಗೆದ್ದೆ ಲೇ? ಗೆದ್ದಿದ್ರೆ ನೀನು ಓಡಿ ಬರ್ತಿದ್ದೆ." ಅವನ ಕಣ್ಣು ತುಂಬಿತ್ತು, ದನಿ ಮಾತ್ರ ಗಡುಸು. "ಆ ಕೋಟು ಇನ್ನೂ ಅವೇನು?"

"ಅವೆ," ಎಂದೆ ನಾನು.

"ಹಂಗಾರೆ ಜಗಳ ಮುಗಿದಿಲ್ಲ."

ಅದೇ ಕೊನೆಯ ಭೇಟಿ. ಆ ಬೇಸಿಗೆಯಲ್ಲಿ ಕುರಿ ಮೇಯಿಸಿಕೊಂಡು ಬಂದು ಜಗುಲಿಗೆ ಒರಗಿದವನು ಮತ್ತೆ ಏಳಲಿಲ್ಲ. ಸುದ್ದಿ ಕೇಳಿ ಹಾಲೇಶಿ ಮಗುವಿನ ಹಾಗೆ ಅತ್ತ.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಮ್ಯಾನೇಜರು ಅಂಗಳಕ್ಕೆ ಬಂದರೆ ದಳದ ಅಷ್ಟೂ ಕೋಟುಗಳು ನೀರಿನ ತೊಟ್ಟಿಯಲ್ಲಿ ಮುಳುಗಿದ್ದವು. ಎಲ್ಲಕ್ಕಿಂತ ಮೇಲಿದ್ದುದು ಹಾಲೇಶಿಯದು. ಅದನ್ನು ಅವನೇ, ನಡುನಡುವೆ ಕೆಮ್ಮುತ್ತ, ಎರಡೂ ಕೈಯಿಂದ ಅದುಮಿದ್ದ. ನಾವು ಸಾಲಾಗಿ ನಿಂತಿದ್ದೆವು. ಎಲ್ಲರ ಹೆಗಲ ಮೇಲೂ ಕಂಬಳಿ.

"ಯಾರು ಮಾಡಿದ್ದು ಇದನ್ನ?" ಎಂದು ಮ್ಯಾನೇಜರು ಕಿರುಚಿದರು.

"ಮೈಲಾರಪ್ಪ ಸಾರ್," ಎಂದೆ.

"ಅವನು ಸತ್ತು ತಿಂಗಳಾಯ್ತಲ್ಲಯ್ಯಾ!"

"ಹೌದು ಸಾರ್," ಎಂದೆ. ಕೋಟುಗಳನ್ನು ತೆಗೆದು ಒಣಹಾಕಲು ಒಬ್ಬನೂ ಮುಂದೆ ಬರಲಿಲ್ಲ.